ರೂಪಾಯಿಯ ಬೆಲೆಯೂ ರಾಷ್ಟ್ರದ ಮಾನವೂ

ಪರೀಕ್ಷೆಗೆ ಒಳಗಾಗದಿರುವುದರಿಂದಲೇ ದೀರ್ಘಾಯುಷ್ಯವನ್ನು ಪಡೆದ ಅಸತ್ಯಗಳು ಲೋಕದಲ್ಲಿ ಹಲವುಂಟು. ವೇದಿಕೆಯ ಮೇಲೆ ಒಬ್ಬ ವಾಗ್ಮಿಯು ಒಂದು ಮಾತನ್ನಾಡುತ್ತಾನೆ. ಪತ್ರಿಕೆಯವನು ಅದನ್ನು ಅಚ್ಚುಹಾಕುತ್ತಾನೆ. ಉಪಾಧ್ಯಾಯನು ಅದನ್ನು ತರಗತಿಯಲ್ಲಿ ಒಪ್ಪಿಸುತ್ತಾನೆ. ಬಾಲಕನು ಕಂಠಪಾಠ ಮಾಡುತ್ತಾನೆ. ಒಬ್ಬ ಕುರುಡನು ಮತ್ತೊಬ್ಬ ಕುರುಡನ ಹೆಗಲ ಮೇಲೆ ಕೈಯಿಟ್ಟು ನಡೆಯುವ ಈ ಕ್ರಮವನ್ನು ಶಾಸ್ತ್ರಕಾರರು ಅಂಧಪರಂಪರಾನ್ಯಾಯವೆಂದು ಕರೆದಿದ್ದಾರೆ. "ಸ್ವಾತಂತ್ರ್ಯ ಬಂದ ೧೯೪೭ನೆಯ ಇಸವಿಯಲ್ಲಿ ಒಂದು ರೂಪಾಯಿಗೆ ಒಂದು ಡಾಲರು ಸಮನಾಗಿತ್ತು; ಅಂದಿನಿಂದ ರೂಪಾಯಿಯ ಬೆಲೆ ಇಳಿದಷ್ಟೂ ರಾಷ್ಟ್ರದ ಮಾನವೂ ಇಳಿದಿದೆ" ಎಂಬ ಪ್ರಸಿದ್ಧವಾದ ಮಾತು ಈ ನ್ಯಾಯಕ್ಕೆ ಉತ್ತಮ ದೃಷ್ಟಾಂತ. ಈ ವಾಕ್ಯದಲ್ಲಿ ಎರಡು ದೋಷಗಳಿವೆ. ಮೊದಲನೆಯದು ಲೆಕ್ಕದ ದೋಷ; ಅದನ್ನು ಒಂದು ಭಾಗಾಕಾರದಿಂದ ಪರಿಹರಿಸಬಹುದು. ಎರಡನೆಯದು ವಿಚಾರದ ದೋಷ. ಅದು ಆಳವಾದದ್ದು, ಅಪಾಯಕರವಾದದ್ದು. ಅದನ್ನು ಪರಿಹರಿಸಲು ನೂರು ವರ್ಷಗಳ ಚರಿತ್ರೆಯನ್ನು ತಿರುವಿಹಾಕಬೇಕಾಗುತ್ತದೆ.

ಮೊದಲು ಲೆಕ್ಕ. ೧೯೪೭ರಲ್ಲಿ ರೂಪಾಯಿಯು ಡಾಲರಿನೊಡನೆ ನೇರವಾಗಿ ಮಾತನಾಡುತ್ತಿರಲಿಲ್ಲ. ಅವೆರಡರ ನಡುವೆ ಇಂಗ್ಲೆಂಡಿನ ಪೌಂಡು ದ್ವಿಭಾಷಿಯಾಗಿತ್ತು. ರೂಪಾಯಿಗೆ ೧ ಷಿಲ್ಲಿಂಗು ೬ ಪೆನ್ಸು ಎಂಬುದು ಅಂದಿನ ನಿಯತವಾದ ದರ. ಷಿಲ್ಲಿಂಗಿಗೆ ೧೨ ಪೆನ್ಸು, ಪೌಂಡಿಗೆ ೨೦ ಷಿಲ್ಲಿಂಗು. ಆದಕಾರಣ ಒಂದು ಪೌಂಡಿಗೆ ೧೩ ರೂಪಾಯಿ ೫ ಆಣೆ ೪ ಪೈ. ಅದೇ ಪೌಂಡಿಗೆ ಅಮೆರಿಕದಲ್ಲಿ ೪ ಡಾಲರು ೩ ಸೆಂಟು. ಒಂದನ್ನು ಮತ್ತೊಂದರಿಂದ ಭಾಗಿಸಿದರೆ ಡಾಲರಿಗೆ ಸುಮಾರು ೩ ರೂಪಾಯಿ ೫ ಆಣೆ ಎಂದು ದೊರೆಯುತ್ತದೆ. ಒಂದಕ್ಕೊಂದು ಸಮವೆಂಬ ಮಾತು ಇಲ್ಲಿಗೇ ಬಿದ್ದುಹೋಯಿತು. ಇಷ್ಟನ್ನು ಮಾಧ್ಯಮಿಕ ಶಾಲೆಯ ಯಾವ ಬಾಲಕನಾದರೂ ಮಾಡಬಲ್ಲನು. ಮಾಡೆಂದು ಹೇಳುವವರಿಲ್ಲದೆ ಅವನು ಸುಮ್ಮನಿದ್ದಾನೆ.

ಇನ್ನು ವಿಚಾರದ ದೋಷ. ಪೂರ್ವಪಕ್ಷವನ್ನು ಅದರ ಬಲವೆಲ್ಲ ತೋರುವಂತೆ ಹೇಳುವುದೇ ಧರ್ಮ. "ರೂಪಾಯಿಯೆಂಬುದು ರಾಷ್ಟ್ರದ ಮುದ್ರೆ. ಹೊರಗಿನವನು ಅದಕ್ಕೆ ಹೆಚ್ಚು ಕೊಟ್ಟರೆ ರಾಷ್ಟ್ರಕ್ಕೆ ಗೌರವ. ಕಡಮೆ ಕೊಟ್ಟರೆ ಅಗೌರವ. ಆದ್ದರಿಂದ ದೇಶಾಭಿಮಾನಿಯಾದವನು ರೂಪಾಯಿಯ ದರವು ಏರಲೆಂದೇ ಬಯಸತಕ್ಕದ್ದು." ಈ ವಾದವು ಕೇಳಲು ಇಂಪಾಗಿದೆ. ಆದರೆ ಇಂಗ್ಲಿಷರ ಆಳಿಕೆಯಲ್ಲಿ ರೂಪಾಯಿಯ ದರವನ್ನು ಏರಿಸಿದವರು ಯಾರು, ಇಳಿಸಬೇಕೆಂದು ಹೋರಾಡಿದವರು ಯಾರು ಎಂಬುದನ್ನು ನೋಡಿದರೆ ವಾದವು ತಲೆಕೆಳಗಾಗಿ ನಿಲ್ಲುತ್ತದೆ.

ರೂಪಾಯಿ ಎಂಬ ಹೆಸರೇ ಇಲ್ಲಿ ಸಹಾಯಕ್ಕೆ ಬರುತ್ತದೆ. ಪಾಣಿನಿಯು 'ರೂಪ' ಶಬ್ದದಿಂದ 'ರೂಪ್ಯ' ಶಬ್ದವನ್ನು ಸಾಧಿಸುವಾಗ, ಮುದ್ರೆಯ ಪೆಟ್ಟು ಬಿದ್ದದ್ದು ಎಂಬ ಅರ್ಥವನ್ನು ಹೇಳಿದ್ದಾನೆ. ಅಂದರೆ ನಾಣ್ಯದಲ್ಲಿ ಎರಡು ಅಂಶಗಳುಂಟು: ಪೆಟ್ಟು ತಿಂದ ಲೋಹವೊಂದು, ಪೆಟ್ಟು ಕೊಟ್ಟ ಮುದ್ರೆಯೊಂದು. ಲೋಹದ ಬೆಲೆಯನ್ನು ಸಂತೆಯು ನಿರ್ಣಯಿಸುತ್ತದೆ. ಮುದ್ರೆಯ ಬೆಲೆಯನ್ನು ಅರಸು ನಿರ್ಣಯಿಸುತ್ತಾನೆ. ರೂಪಾಯಿ ಮತ್ತು ಪೌಂಡುಗಳ ಚರಿತ್ರೆಯೆಂದರೆ ಬೆಲೆಯು ಲೋಹದಿಂದ ಮುದ್ರೆಗೆ ಜಾರಿದ ಚರಿತ್ರೆ.

೧೮೩೫ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ತನ್ನ ಆಳಿಕೆಯ ಪ್ರಾಂತಗಳಿಗೆಲ್ಲ ಒಂದೇ ರೂಪಾಯಿಯನ್ನು ವಿಧಿಸಿತು. ಅದರ ತೂಕ ೧೮೦ ಗ್ರೇನು, ಎಂದರೆ ಒಂದು ತೊಲ. ಅದರಲ್ಲಿ ಶುದ್ಧ ಬೆಳ್ಳಿ ೧೬೫ ಗ್ರೇನು. ಬೆಳ್ಳಿಯುಳ್ಳ ಯಾವನಾದರೂ ಅದನ್ನು ಟಂಕಸಾಲೆಗೆ ಒಯ್ದು, ಅಲ್ಪವಾದ ಕೂಲಿಯನ್ನು ತೆತ್ತು, ರೂಪಾಯಿಗಳನ್ನು ಪಡೆಯಬಹುದಾಗಿತ್ತು. ಇಂಗ್ಲೆಂಡಿನ ಪೌಂಡು ಚಿನ್ನದ್ದು, ಭಾರತದ ರೂಪಾಯಿ ಬೆಳ್ಳಿಯದು. ಆ ಎರಡು ಲೋಹಗಳ ಬೆಲೆಗಳಿಗಿದ್ದ ಸಂಬಂಧವೇ ಎರಡು ನಾಣ್ಯಗಳ ಸಂಬಂಧ. ೧೮೭೦ರ ಸುಮಾರಿನವರೆಗೆ ರೂಪಾಯಿಗೆ ೨ ಷಿಲ್ಲಿಂಗಿಗೆ ಸಮೀಪವಾದ ದರವಿತ್ತು. ಅನಂತರ ಜರ್ಮನಿಯು ಬೆಳ್ಳಿಯನ್ನು ಬಿಟ್ಟು ಚಿನ್ನವನ್ನು ಹಿಡಿಯಿತು. ಇತರ ರಾಷ್ಟ್ರಗಳು ಅದನ್ನು ಅನುಸರಿಸಿದವು. ಅಮೆರಿಕದ ಗಣಿಗಳಿಂದ ಹೊಸ ಬೆಳ್ಳಿಯು ಪ್ರವಾಹದಂತೆ ಬಂದಿತು. ಬೆಳ್ಳಿಯ ಬೆಲೆ ಬಿದ್ದಿತು. ಅದರೊಡನೆ ರೂಪಾಯಿಯೂ ಇಳಿಯಿತು. ೧೮೯೨–೯೩ರಲ್ಲಿ ಅದರ ಸರಾಸರಿ ದರ ೧೫ ಪೆನ್ಸಿಗೆ ಬಂದು ನಿಂತಿತು. ಈ ಇಪ್ಪತ್ತು ವರ್ಷಗಳಲ್ಲಿ ಭಾರತದ ಮಾನಕ್ಕೆ ಹೊಸದಾಗಿ ಏನಾಯಿತು? ಏನೂ ಇಲ್ಲ. ಬರ್ಲಿನ್ನಿನಲ್ಲಿ ಒಂದು ಶಾಸನವಾಯಿತು, ನೆವಾಡದಲ್ಲಿ ಒಂದು ಗಣಿ ತೆರೆಯಿತು, ಅಷ್ಟೆ.

ಆದರೆ ಇದರಿಂದ ನೊಂದವರು ಇದ್ದರು. ಭಾರತ ಸರ್ಕಾರವು ಪ್ರತಿ ವರ್ಷವೂ ಇಂಗ್ಲೆಂಡಿಗೆ 'ಹೋಮ್ ಚಾರ್ಜಸ್' ಎಂಬ ಹೆಸರಿನಲ್ಲಿ ದೊಡ್ಡ ಮೊತ್ತವನ್ನು ಕಳುಹಿಸಬೇಕಾಗಿತ್ತು. ಸಾಲದ ಬಡ್ಡಿ, ರೈಲ್ವೆಗಳ ಖಾತರಿ ಲಾಭ, ನಿವೃತ್ತರಾದ ಅಧಿಕಾರಿಗಳ ವೇತನ, ಸೈನ್ಯದ ವೆಚ್ಚ, ಇವೆಲ್ಲವೂ ಪೌಂಡಿನಲ್ಲಿ. ತೆರಿಗೆ ಬರುತ್ತಿದ್ದುದು ರೂಪಾಯಿಯಲ್ಲಿ. ೧೮೯೨–೯೩ರಲ್ಲಿ ಕಳುಹಿಸಿದ ಸುಮಾರು ೧ ಕೋಟಿ ೬೫ ಲಕ್ಷ ಪೌಂಡುಗಳಿಗೆ ೨೬ ಕೋಟಿ ೪೮ ಲಕ್ಷ ರೂಪಾಯಿ ಹಿಡಿಯಿತು. ೧೮೭೩–೭೪ರ ದರದಲ್ಲಿ ಅದೇ ಪೌಂಡುಗಳಿಗೆ ೧೭ ಕೋಟಿ ೭೫ ಲಕ್ಷ ಸಾಕಾಗುತ್ತಿತ್ತು. ಹೆಚ್ಚಾದ ೮ ಕೋಟಿ ೭೩ ಲಕ್ಷವನ್ನು ತೆತ್ತವನು ರೈತ. ಇದನ್ನು ಕಂಡು "ನೋಡಿರಿ, ದರ ಇಳಿದರೆ ದೇಶಕ್ಕೆ ಹಾನಿ" ಎಂದು ಪೂರ್ವಪಕ್ಷದವರು ಸಂತೋಷಿಸಬಾರದು. ಹಾನಿಗೆ ಮೂಲವು ದರವಲ್ಲ; ಭಾರತೀಯರ ಒಪ್ಪಿಗೆಯಿಲ್ಲದೆ ಪರದೇಶದ ನಾಣ್ಯದಲ್ಲಿ ಹೊರಿಸಿದ ಋಣವು.

ಆಳುವವರು ಕೈಗೊಂಡ ಚಿಕಿತ್ಸೆಯನ್ನು ನೋಡಬೇಕು. ಋಣವನ್ನು ಕಡಮೆ ಮಾಡಲಿಲ್ಲ. ರೂಪಾಯಿಯನ್ನು ದುಬಾರಿ ಮಾಡಿದರು. ಲಾರ್ಡ್ ಹರ್ಷೆಲ್ಲನ ಸಮಿತಿಯ ಸಲಹೆಯಂತೆ ೧೮೯೩ನೆಯ ಇಸವಿ ಜೂನ್ ೨೬ರಂದು ಟಂಕಸಾಲೆಯ ಬಾಗಿಲನ್ನು ಪ್ರಜೆಗಳ ಬೆಳ್ಳಿಗೆ ಮುಚ್ಚಲಾಯಿತು. ಹೊಸ ನಾಣ್ಯಗಳು ವಿರಳವಾಗಲು ರೂಪಾಯಿಯು ಬೆಳ್ಳಿಯನ್ನು ಬಿಟ್ಟು ಮೇಲಕ್ಕೆ ಏರಿ, ೧೮೯೮ರ ವೇಳೆಗೆ ೧೬ ಪೆನ್ಸಿಗೆ, ಎಂದರೆ ೧ ಷಿಲ್ಲಿಂಗು ೪ ಪೆನ್ಸಿಗೆ ಮುಟ್ಟಿತು. ಫೌಲರ್ ಸಮಿತಿಯು ಅದನ್ನೇ ಸ್ಥಿರಪಡಿಸಿತು. ಸವರನ್ನಿಗೆ ೧೫ ರೂಪಾಯಿ. ಅಂದಿನಿಂದ ಪಾಣಿನಿಯ ವ್ಯುತ್ಪತ್ತಿಯು ಅಕ್ಷರಶಃ ಸತ್ಯವಾಯಿತು. ರೂಪ್ಯದಲ್ಲಿ ರೂಪವೇ ಪ್ರಧಾನ, ಲೋಹವು ಗೌಣ.

ಇದರ ಫಲವನ್ನು ಉಂಡವರು ಬಡವರು. ಬಡವನ ಉಳಿತಾಯವೆಂದರೆ ಹೆಂಡತಿಯ ಕೈಕಡಗ, ಕಾಲ್ಗಡಗ, ಡಾಬು, ಎಲ್ಲವೂ ಬೆಳ್ಳಿ. ೧೮೭೬ರಿಂದ ೧೮೭೮ರವರೆಗೆ ಮೈಸೂರನ್ನೂ ಮುಂಬಯಿ ಕರ್ನಾಟಕವನ್ನೂ ಸುಟ್ಟ ಧಾತು-ಈಶ್ವರ ಸಂವತ್ಸರಗಳ ಕ್ಷಾಮದಲ್ಲಿ ಕ್ಷಾಮಪೀಡಿತರ ಆಭರಣಗಳು ರಾಶಿರಾಶಿಯಾಗಿ ಮುಂಬಯಿಯ ಟಂಕಸಾಲೆಗೆ ಹೋಗಿ ರೂಪಾಯಿಗಳಾದವು. ನಡುವೆ ವರ್ತಕನು ತನ್ನ ಪಾಲನ್ನು ಹಿಡಿದಿದ್ದರೂ, ತೊಲಕ್ಕೆ ತೊಲ ಎಂಬ ಆಧಾರವೊಂದಿತ್ತು. ೧೮೯೯–೧೯೦೦ರ ಮಹಾಕ್ಷಾಮವು ಮುಂಬಯಿ ಪ್ರಾಂತವನ್ನು ಹಿಡಿದಾಗ ಆ ಬಾಗಿಲು ಮುಚ್ಚಿತ್ತು. ಕಂದಾಯವನ್ನು ಮುದ್ರೆಯುಳ್ಳ ರೂಪಾಯಿಯಲ್ಲೇ ಕೊಡಬೇಕು. ಮನೆಯಲ್ಲಿರುವುದು ಮುದ್ರೆಯಿಲ್ಲದ ಬೆಳ್ಳಿ. ಒಂದೇ ತೂಕದ ಬೆಳ್ಳಿಗೆ ಈಗ ಒಂದು ರೂಪಾಯಿ ಬರುತ್ತಿರಲಿಲ್ಲ. ಟಂಕಸಾಲೆಯನ್ನು ಮುಚ್ಚಿದುದು ಗುಪ್ತವಾದ ತೆರಿಗೆಯೆಂದು ದಾದಾಭಾಯಿ ನವರೋಜಿಯವರು ೧೮೯೮ರ ಸಮಿತಿಯ ಮುಂದೆ ವಾದಿಸಿದರು. ರೂಪಾಯಿಯ 'ಮಾನ' ಏರಿದ್ದಿತು. ರೂಪಾಯಿಯನ್ನು ತೆರಬೇಕಾದವನ ಮಾನ ಬೀದಿಪಾಲಾಗಿದ್ದಿತು.

ಎರಡನೆಯ ಪ್ರಕರಣವು ೧೯೨೦ರದು. ಮೊದಲನೆಯ ಮಹಾಯುದ್ಧದಲ್ಲಿ ಬೆಳ್ಳಿಯ ಬೆಲೆಯು ಏರಿದುದರಿಂದ ರೂಪಾಯಿಯ ದರವೂ ಮೆಟ್ಟಿಲು ಮೆಟ್ಟಿಲಾಗಿ ಏರಿತು. ಬ್ಯಾಬಿಂಗ್ಟನ್ ಸ್ಮಿತ್ ಸಮಿತಿಯು ಇದನ್ನು ಶಾಶ್ವತವೆಂದು ಭ್ರಮಿಸಿ, ರೂಪಾಯಿಗೆ ಚಿನ್ನದ ೨ ಷಿಲ್ಲಿಂಗು, ಸವರನ್ನಿಗೆ ೧೦ ರೂಪಾಯಿ ಎಂದು ಶಿಫಾರಸು ಮಾಡಿತು. ಆ ಸಮಿತಿಯಲ್ಲಿದ್ದ ಏಕೈಕ ಭಾರತೀಯರಾದ ದಾದಿಬಾ ದಲಾಲರು ೧ ಷಿಲ್ಲಿಂಗು ೪ ಪೆನ್ಸೇ ಇರಲೆಂದು ಭಿನ್ನಮತವನ್ನು ಬರೆದರು. ಅದನ್ನು ಯಾರೂ ಕೇಳಲಿಲ್ಲ. ಸರ್ಕಾರವು ಈ ಎತ್ತರದ ದರವನ್ನು ಹಿಡಿದುನಿಲ್ಲಿಸಲು ಲಂಡನ್ನಿನಲ್ಲಿ ಕೂಡಿಟ್ಟಿದ್ದ ಭಾರತದ ಹಣದಿಂದ ಸುಮಾರು ೫೫೦ ಲಕ್ಷ ಪೌಂಡುಗಳನ್ನು ಅಗ್ಗವಾಗಿ ಮಾರಿತು. ಕೊಂಡವರು ಲಾಭವನ್ನು ಕಟ್ಟಿಕೊಂಡು ಹೋದರು. ೧೯೨೦ರ ಸೆಪ್ಟೆಂಬರಿನಲ್ಲಿ ಸರ್ಕಾರವು ಸೋತು ಕೈಬಿಟ್ಟಿತು. ಮರುವರ್ಷ ರೂಪಾಯಿಯು ೧ ಷಿಲ್ಲಿಂಗು ೪ ಪೆನ್ಸಿಗೂ ಕೆಳಗಿಳಿಯಿತು. ಅಂಕೆಯ ಗೌರವಕ್ಕಾಗಿ ಬೊಕ್ಕಸವನ್ನು ಬರಿದುಮಾಡುವುದೆಂದರೆ ಹೀಗೆ. "ರೂಪಾಯಿಯನ್ನು ಮೇಲೆತ್ತಿ ಹಿಡಿಯಿರಿ" ಎಂದು ಇಂದು ಕೂಗುವವರು ಈ ಪ್ರಕರಣವನ್ನು ಒಮ್ಮೆ ಓದಿ ಆಮೇಲೆ ಕೂಗಬಹುದು.

ಮೂರನೆಯದು ಪ್ರಸಿದ್ಧವಾದ ದರಯುದ್ಧ. ಹಿಲ್ಟನ್ ಯಂಗ್ ಅಧ್ಯಕ್ಷತೆಯ ರಾಜಾಯೋಗವು ೧೯೨೬ರಲ್ಲಿ ೧ ಷಿಲ್ಲಿಂಗು ೬ ಪೆನ್ಸಿನ ದರವನ್ನು ಶಿಫಾರಸು ಮಾಡಿತು, ೧೯೨೭ರಲ್ಲಿ ಶಾಸನವಾಯಿತು. ಆಯೋಗದ ಸದಸ್ಯರಾದ ಪುರುಷೋತ್ತಮದಾಸ್ ಠಾಕುರದಾಸರು ೪ ಪೆನ್ಸನ್ನೇ ಪ್ರತಿಪಾದಿಸಿ ಭಿನ್ನಮತವನ್ನು ಬರೆದರು. ಎರಡು ಪೆನ್ಸಿನ ಭೇದವು ಅಲ್ಪವೆಂದು ತೋರಬಹುದು. ಅದರ ಲೆಕ್ಕವು ಹೀಗೆ. ಕೊಡಗಿನ ಕಾಫಿಯಾಗಲಿ ಧಾರವಾಡದ ಹತ್ತಿಯಾಗಲಿ ಇಂಗ್ಲೆಂಡಿನಲ್ಲಿ ೧೦೦ ಪೌಂಡಿಗೆ ಮಾರಾಟವಾಯಿತೆಂದು ಇಟ್ಟುಕೊಳ್ಳೋಣ. ೪ ಪೆನ್ಸಿನ ದರದಲ್ಲಿ ಈ ದೇಶಕ್ಕೆ ಬರುವುದು ೧೫೦೦ ರೂಪಾಯಿ. ೬ ಪೆನ್ಸಿನ ದರದಲ್ಲಿ ೧೩೩೩ ರೂಪಾಯಿ ೫ ಆಣೆ ೪ ಪೈ. ಬೆಳೆಗಾರನ ಕಡೆ ೧೬೬ ರೂಪಾಯಿ ೧೦ ಆಣೆ ೮ ಪೈ ಖೋತಾ. ಅವನ ಕಂದಾಯವಾಗಲಿ ಸಾಹುಕಾರನ ಬಡ್ಡಿಯಾಗಲಿ ಒಂದು ಪೈಯೂ ಖೋತಾ ಆಗಲಿಲ್ಲ. ಇತ್ತ, ಭಾರತದಲ್ಲಿ ಸಂಬಳ ಪಡೆಯುವ ಇಂಗ್ಲಿಷ್ ಅಧಿಕಾರಿಯು ಊರಿಗೆ ೧೦೦ ಪೌಂಡು ಕಳುಹಿಸಬೇಕಾದರೆ, ೧೫೦೦ ರೂಪಾಯಿಗೆ ಬದಲು ೧೩೩೩ ಸಾಕು. ಲ್ಯಾಂಕಷೈರಿನ ಬಟ್ಟೆಯೂ ಅದೇ ಪ್ರಮಾಣದಲ್ಲಿ ಇಲ್ಲಿ ಅಗ್ಗವಾಯಿತು. ಒಂದೇ ದರ, ಒಬ್ಬನ ಜೇಬಿನಿಂದ ತೆಗೆದು ಮತ್ತೊಬ್ಬನ ಜೇಬಿಗೆ ಹಾಕಿತು. ಬೆಲೆಗಳು ಆಗಲೇ ಹೊಸ ದರಕ್ಕೆ ಹೊಂದಿಕೊಂಡಿವೆಯೆಂಬುದು ಸರ್ಕಾರದ ಸಮಾಧಾನ. ಹೊಂದಿಕೊಂಡಿಲ್ಲವೆಂಬುದು ಠಾಕುರದಾಸರ ಪ್ರತ್ಯುತ್ತರ.

ಇಲ್ಲಿಯೇ ಪೂರ್ವಪಕ್ಷಕ್ಕೆ ಪ್ರಾಣಾಂತಿಕವಾದ ಪೆಟ್ಟಿದೆ. ೧೯೩೦ನೆಯ ಇಸವಿ ಜನವರಿಯಲ್ಲಿ ಮಹಾತ್ಮಾ ಗಾಂಧಿಯವರು ವೈಸರಾಯರ ಮುಂದೆ ಹನ್ನೊಂದು ಬೇಡಿಕೆಗಳನ್ನಿಟ್ಟರು. ಉಪ್ಪಿನ ತೆರಿಗೆ ಹೋಗಬೇಕು, ಭೂಕಂದಾಯವು ಅರ್ಧವಾಗಬೇಕು ಎಂಬವುಗಳ ಜೊತೆಯಲ್ಲಿ, ರೂಪಾಯಿಯ ದರವನ್ನು ೧ ಷಿಲ್ಲಿಂಗು ೪ ಪೆನ್ಸಿಗೆ ಇಳಿಸಬೇಕೆಂಬುದೂ ಒಂದು. ಇಳಿಸಬೇಕು ಎಂದು, ಏರಿಸಬೇಕೆಂದಲ್ಲ. ರೂಪಾಯಿಯ ದರವೇ ರಾಷ್ಟ್ರದ ಮಾನವಾಗಿದ್ದರೆ, ಗಾಂಧಿಯವರು ರಾಷ್ಟ್ರದ ಮಾನಹಾನಿಯನ್ನು ಬೇಡಿದರೆಂದೂ ಅದನ್ನು ಕಾಪಾಡಿದವರು ಇಂಗ್ಲಿಷರೆಂದೂ ಒಪ್ಪಬೇಕಾಗುತ್ತದೆ. ಈ ಅನಿಷ್ಟವನ್ನು ಒಪ್ಪುವ ಧೈರ್ಯ ಪೂರ್ವಪಕ್ಷಿಗೆ ಇದ್ದರೆ ಒಪ್ಪಲಿ. ಇಲ್ಲದಿದ್ದರೆ ಪಕ್ಷವನ್ನು ಬಿಡಲಿ.

ಬೇಡಿಕೆಯು ಈಡೇರಲಿಲ್ಲ. ಲೋಕವ್ಯಾಪಿಯಾದ ಆರ್ಥಿಕ ಕುಸಿತವು ಬಂದಿತು. ೧೯೧೪ರ ಬೆಲೆಗಳನ್ನು ೧೦೦ ಎಂದು ಹಿಡಿದ ಕಲ್ಕತ್ತೆಯ ಸಗಟು ಸೂಚಿಯು ೧೯೨೯ರಲ್ಲಿ ೧೪೧ ಇದ್ದುದು ೧೯೩೩ರಲ್ಲಿ ೮೭ಕ್ಕೆ ಬಿದ್ದಿತು. ೧೯೩೧ನೆಯ ಸೆಪ್ಟೆಂಬರ್ ೨೧ರಂದು ಇಂಗ್ಲೆಂಡೇ ಚಿನ್ನದ ನಂಟನ್ನು ಹರಿದುಕೊಂಡಿತು. ಸ್ವದೇಶದ ನಾಣ್ಯದ ಬೆಲೆಯನ್ನು ಇಳಿಯಗೊಟ್ಟು ತನ್ನ ಕೈಗಾರಿಕೆಗಳನ್ನು ಉಳಿಸಿಕೊಂಡಿತು. ಅದನ್ನು ಮಾನಹಾನಿಯೆಂದು ಅಲ್ಲಿಯ ಮಂತ್ರಿಗಳು ಪ್ರಾಣ ಬಿಡಲಿಲ್ಲ. ಆದರೆ ಭಾರತದ ರೂಪಾಯಿಗೆ ಅಂಥ ಸ್ವಾತಂತ್ರ್ಯವನ್ನು ಕೊಡದೆ, ೧ ಷಿಲ್ಲಿಂಗು ೬ ಪೆನ್ಸಿನ ಗೂಟಕ್ಕೆ ಲಂಡನ್ನಿನಿಂದಲೇ ಕಟ್ಟಿಹಾಕಿದರು. ಚಿನ್ನದ ಬೆಲೆಯು ಏರಿತು. ಧಾನ್ಯದ ಬೆಲೆಯು ಏಳಲಿಲ್ಲ. ಸಾಲ ತೀರಿಸಲಾರದ ರೈತರು ಮನೆಯ ಚಿನ್ನವನ್ನು ಮಾರಿದರು. ಆ ದಶಕದಲ್ಲಿ ಹಡಗು ಹತ್ತಿ ಹೋದ ಭಾರತದ ಚಿನ್ನವು ೩೦೦ ಕೋಟಿ ರೂಪಾಯಿಗೂ ಮೀರಿದುದು. ತಾಳಿಯ ಗುಂಡು ಹೋಯಿತು. ದರದ 'ಗೌರವ' ಉಳಿಯಿತು.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸದೆ ಮುಂದೆ ಹೋಗಲಾಗದು. "ಹಾಗಾದರೆ ದರವು ಇಳಿದಷ್ಟೂ ದೇಶಕ್ಕೆ ಸುಖವೆ?" ಅಲ್ಲ. ಈ ಮಾತನ್ನು ಬಹು ಸ್ಪಷ್ಟವಾಗಿ ಹೇಳಿದವರು ಡಾಕ್ಟರ್ ಅಂಬೇಡ್ಕರರು. ೧೯೨೩ರಲ್ಲಿ ಪ್ರಕಟವಾದ ರೂಪಾಯಿಯ ಸಮಸ್ಯೆಯನ್ನು ಕುರಿತ ತಮ್ಮ ಗ್ರಂಥದಲ್ಲಿ ಅವರು, ಇಳಿದ ದರದಿಂದ ಬರುವ ಲಾಭವು ಹೊರದೇಶದವನ ಕೈಯಿಂದ ಬರುವುದಲ್ಲ, ಬೆಲೆಗಳು ಏರಿದರೂ ಕೂಲಿಯು ಏರದೆ ಹಿಂದುಳಿಯುವುದರಿಂದ ಈ ದೇಶದ ಕೂಲಿಕಾರನ ಕೈಯಿಂದಲೇ ಬರುತ್ತದೆ ಎಂದು ತೋರಿಸಿದರು. ವರ್ತಕನ ಕೂಗನ್ನೇ ದೇಶದ ಕೂಗೆಂದು ತಿಳಿಯಬೇಡಿರೆಂಬುದು ಅವರ ಎಚ್ಚರಿಕೆ. ಇದು ಸತ್ಯವಾದ ಮಾತು. ಆದರೆ ಪೂರ್ವಪಕ್ಷಕ್ಕೆ ಇದರಿಂದ ಯಾವ ಆಸರೆಯೂ ಇಲ್ಲ. ಏಕೆಂದರೆ ಅಂಬೇಡ್ಕರರೂ ಮಾನಾವಮಾನಗಳ ಪ್ರಶ್ನೆಯನ್ನು ಕೇಳಲಿಲ್ಲ. ಲಾಭ ಯಾರಿಗೆ, ನಷ್ಟ ಯಾರಿಗೆ ಎಂಬುದನ್ನೇ ಕೇಳಿದರು. ಠಾಕುರದಾಸರೂ ಅವರೂ ಉತ್ತರದಲ್ಲಿ ಭಿನ್ನರಾದರೂ ಪ್ರಶ್ನೆಯಲ್ಲಿ ಒಂದೇ. ಸರಿಯಾದ ಪ್ರಶ್ನೆಯನ್ನು ಕೇಳುವವರಲ್ಲಿ ಭಿನ್ನಮತವಿದ್ದರೆ ವಿದ್ಯೆ ಬೆಳೆಯುತ್ತದೆ. ತಪ್ಪು ಪ್ರಶ್ನೆಯಲ್ಲಿ ಎಲ್ಲರೂ ಏಕಮತರಾದರೆ ಮೌಢ್ಯ ಬೆಳೆಯುತ್ತದೆ.

ದರವು ಮಾನದಂಡವಲ್ಲವೆಂಬುದಕ್ಕೆ ಮತ್ತೊಂದು ಪ್ರಮಾಣ. ೧ ಷಿಲ್ಲಿಂಗು ೬ ಪೆನ್ಸಿನ ದರವು ೧೯೨೭ರಿಂದ ೧೯೬೬ರ ಜೂನ್‌ವರೆಗೆ, ಸುಮಾರು ನಲವತ್ತು ವರ್ಷ, ಅಲುಗಾಡಲಿಲ್ಲ. ಈ ನಲವತ್ತು ವರ್ಷಗಳಲ್ಲಿ ರೂಪಾಯಿಯ ಶಕ್ತಿಯು ಸ್ಥಿರವಾಗಿತ್ತೆ? ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡು ಭಾರತದಿಂದ ಸರಕುಗಳನ್ನು ಕೊಂಡು, ಬೆಲೆಗೆ ಬದಲಾಗಿ ಲಂಡನ್ನಿನಲ್ಲಿ ಸಾಲದ ಚೀಟಿಗಳನ್ನು ಬರೆದಿಟ್ಟಿತು. ಅವುಗಳ ಆಧಾರದ ಮೇಲೆ ಇಲ್ಲಿ ನೋಟುಗಳನ್ನು ಅಚ್ಚುಹಾಕಿದರು. ೧೯೪೬ರ ವೇಳೆಗೆ ಆ ಸಾಲವು ಸುಮಾರು ೧೭೦೦ ಕೋಟಿ ರೂಪಾಯಿಯಾಯಿತು. ಇಲ್ಲಿಯ ಬೆಲೆಗಳು ಯುದ್ಧಪೂರ್ವದ ಎರಡು ಪಟ್ಟನ್ನೂ ಮೀರಿದವು. ೧೯೪೩ರಲ್ಲಿ ಬಂಗಾಳದಲ್ಲಿ ಲಕ್ಷಗಟ್ಟಲೆ ಜನರು ಹಸಿವಿನಿಂದ ಸತ್ತರು. ಆ ವರ್ಷ ಪೌಂಡಿಗೆ ರೂಪಾಯಿಯ ದರವೆಷ್ಟೆಂದು ಕೇಳಿದರೆ ಉತ್ತರ ಅದೇ: ೧೩ ರೂಪಾಯಿ ೫ ಆಣೆ ೪ ಪೈ. ಜ್ವರದಲ್ಲಿ ಬೇಯುತ್ತಿರುವ ರೋಗಿಯ ಬಾಯಲ್ಲಿಟ್ಟ ಒಡೆದ ಉಷ್ಣಮಾಪಕದಂತೆ ಆ ಅಂಕೆಯು ನಿಶ್ಚಲವಾಗಿತ್ತು.

ಸ್ವತಂತ್ರವಾದ ಮೇಲೂ ಚರಿತ್ರೆಯು ಇದೇ ಪಾಠವನ್ನು ಹೇಳುತ್ತದೆ. ೧೯೪೯ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡು ಪೌಂಡನ್ನು ೪ ಡಾಲರು ೩ ಸೆಂಟಿನಿಂದ ೨ ಡಾಲರು ೮೦ ಸೆಂಟಿಗೆ ಇಳಿಸಿದಾಗ ಭಾರತವೂ ಜೊತೆಯಲ್ಲಿ ಇಳಿಯಿತು. ಡಾಲರಿಗೆ ೪ ರೂಪಾಯಿ ೧೨ ಆಣೆಯಾಯಿತು. ನೆರೆಯ ಪಾಕಿಸ್ತಾನವು ಇಳಿಸಲೊಪ್ಪಲಿಲ್ಲ. ಅದರ ೧೦೦ ರೂಪಾಯಿಗೆ ಭಾರತದ ೧೪೪ ಎಂದಾಯಿತು. ಎರಡು ದೇಶಗಳ ವ್ಯಾಪಾರವು ತಿಂಗಳುಗಟ್ಟಲೆ ನಿಂತು, ಪೂರ್ವ ಬಂಗಾಳದ ಸೆಣಬು ಕಲ್ಕತ್ತೆಯ ಗಿರಣಿಗಳನ್ನು ಸೇರದೆ ಉಭಯರೂ ಕಷ್ಟಪಟ್ಟರು. ೧೯೫೫ರಲ್ಲಿ ಪಾಕಿಸ್ತಾನವೂ ಇಳಿಸಿತು. ೧೯೬೬ರ ಜೂನ್ ೬ರಂದು ಭಾರತವು ಪೌಂಡಿಗೆ ೧೩.೩೩ ಇದ್ದ ದರವನ್ನು ೨೧ ರೂಪಾಯಿಗೆ ತಂದಿತು. ದೇಶದಲ್ಲೆಲ್ಲ ಮಾನಹಾನಿಯ ಕೂಗೆದ್ದಿತು. ಮರುವರ್ಷ ನವೆಂಬರಿನಲ್ಲಿ ಇಂಗ್ಲೆಂಡು ಪೌಂಡನ್ನು ೨ ಡಾಲರು ೪೦ ಸೆಂಟಿಗೆ ಇಳಿಸಿತು, ಭಾರತವು ಅನುಸರಿಸಲಿಲ್ಲ, ಪೌಂಡು ೧೮ ರೂಪಾಯಿಗೆ ಬಂದಿತು. ಅಂದು ಭಾರತದ ಮಾನವು ಒಂದೇ ರಾತ್ರಿಯಲ್ಲಿ ಏರಿತೆಂದು ಯಾರಾದರೂ ದೀಪ ಹಚ್ಚಿದರೆ? ಇಳಿದಾಗ ಅತ್ತು, ಏರಿದಾಗ ಗಮನಿಸದಿರುವವನ ದುಃಖವು ವಿಚಾರದಿಂದ ಹುಟ್ಟಿದ್ದಲ್ಲ, ಅಭ್ಯಾಸದಿಂದ ಹುಟ್ಟಿದ್ದು. ೧೯೭೫ರಲ್ಲಿ ರೂಪಾಯಿಯು ಪೌಂಡಿನ ಗೂಟವನ್ನು ಬಿಟ್ಟಿತು. ೧೯೯೩ರಿಂದ ಅದರ ದರವು ಪೇಟೆಯಲ್ಲಿ ನಿರ್ಣಯವಾಗುತ್ತಿದೆ. ಪೌಂಡು ಇಂದು ನೂರು ರೂಪಾಯಿಯನ್ನು ದಾಟಿದೆ.

ಆದ್ದರಿಂದ ಸಿದ್ಧಾಂತವು ಇಷ್ಟು. ವಿನಿಮಯದ ದರವೆಂಬುದು ರಾಷ್ಟ್ರದ ಕಿರೀಟವಲ್ಲ, ಅಳತೆಯ ಕೊಳಗ. ಕೊಳಗವು ದೊಡ್ಡದಾದರೆ ಅಳೆದು ಕೊಡುವವನಿಗೆ ನಷ್ಟ. ಚಿಕ್ಕದಾದರೆ ಅಳೆಸಿಕೊಳ್ಳುವವನಿಗೆ ನಷ್ಟ. ಕೊಳಗವನ್ನು ಹಿಡಿದವನು ಯಾರು, ಅವನು ಯಾರಿಗೆ ಉತ್ತರ ಹೇಳಬೇಕಾದವನು ಎಂಬುದೇ ಮುಖ್ಯ. ಇಂದು ದರವು ಇಳಿದಾಗ ಕಲ್ಲೆಣ್ಣೆ, ಗೊಬ್ಬರ, ಔಷಧಗಳ ಬೆಲೆ ಏರುತ್ತದೆ, ಹೊರದೇಶದಲ್ಲಿ ಓದುವ ಮಗನ ತಂದೆಗೆ ಸಾಲ ಬೆಳೆಯುತ್ತದೆ, ರಫ್ತಿನವನಿಗೆ ಲಾಭವಾಗುತ್ತದೆ. ಈ ಕಷ್ಟಸುಖಗಳನ್ನು ತೂಗಿ ವಾದಿಸುವುದು ಯೋಗ್ಯ, ಅವಶ್ಯ. ಮಾನದ ಹೆಸರೆತ್ತಿ ಕಿರುಚುವುದು ಆ ತೂಕವನ್ನೇ ಮರೆಸುತ್ತದೆ. ಎತ್ತರದ ದರದಿಂದ ಲಾಭ ಹೊಂದುವವನಿಗೆ ದೇಶಾಭಿಮಾನದ ಅಂಗಿಯನ್ನು ತೊಡಿಸುತ್ತದೆ.

ಉಪಾಧ್ಯಾಯರು ಬಾಲಕರಿಗೆ ೧೯೪೭ರ ಸುಳ್ಳು ಸಮೀಕರಣವನ್ನು ಹೇಳಿಕೊಡುವುದನ್ನು ಬಿಟ್ಟು ಮೂರು ಪ್ರಶ್ನೆಗಳನ್ನು ಹೇಳಿಕೊಡಲಿ. ದರವನ್ನು ಗೊತ್ತುಮಾಡಿದವರು ಯಾರು? ಯಾರ ಋಣವು ಯಾವ ನಾಣ್ಯದಲ್ಲಿದೆ? ಊರಿನ ಸಂತೆಯಲ್ಲಿ ಆ ರೂಪಾಯಿಗೆ ಎಷ್ಟು ಸೇರು ಅಕ್ಕಿ ಬರುತ್ತದೆ? ಈ ಮೂರನ್ನು ಕೇಳಬಲ್ಲ ಪ್ರಜೆಗಳಿರುವ ರಾಷ್ಟ್ರದ ಮಾನಕ್ಕೆ ಲಂಡನ್ನಿನ ಪೇಟೆಯಲ್ಲಾಗಲಿ ನ್ಯೂಯಾರ್ಕಿನ ಪೇಟೆಯಲ್ಲಾಗಲಿ ಬೆಲೆ ಕಟ್ಟುವವರು ಇಲ್ಲ.